ಅತ್ತೆಯ ಮಣೆ ಇದ್ದ ಜಾಗ

ಅತ್ತೆ ಬದುಕಿದ್ದಷ್ಟು ಕಾಲ ನಮ್ಮ ಮನೆಯಲ್ಲಿ ಯಾವ ವಸ್ತುವೂ ಜಾಗ ಬದಲಿಸಲಿಲ್ಲ. ಅಪ್ಪನ ಅಕ್ಕ ಅವಳು, ಹುಟ್ಟಿನಿಂದ ಕಣ್ಣಿರಲಿಲ್ಲ. ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದರೆ ನಮ್ಮೂರು. ನಡುಮನೆಯ ಚೊಂಬು, ಅವಳು ಕೂರುವ ಹಲಸಿನ ಮಣೆ, ಎಲ್ಲ ಇದ್ದಲ್ಲೇ ಇರಬೇಕು. ಆ ಮಣೆಯ ಪಕ್ಕ ಕೂತು ನಾನು ಪಾಠ ಗಟ್ಟಿಯಾಗಿ ಓದುತ್ತಿದ್ದೆ. ಒಂದು ಸಾಲು ಹಾರಿಸಿದರೂ ಚೊಂಬನ್ನು ಬೆರಳಿನಿಂದ ಕುಟ್ಟುತ್ತಿದ್ದಳು. "ನುಂಗಬ್ಯಾಡ ಕಣ್ಲಾ, ಕಣ್ಣಿರೋನು ನೀನು." ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲನೆಯವನು ನಾನು. ಅದರಲ್ಲಿ ಅರ್ಧ ಅವಳ ಕಿವಿಯ ಸಂಪಾದನೆ.

ಈಗ ಹುಣಸೂರಿನಲ್ಲಿ ಕಾಲೇಜು ಮಕ್ಕಳಿಗೆ ಪಾಠ ಮಾಡುತ್ತ, ಕನ್ನಡ ನಾಟಕಗಳು ಅಂಧರನ್ನು ಹೇಗೆ ತೋರಿಸಿವೆ ಎಂಬುದರ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಅತ್ತೆಯ ಮೇಲೆ ನಾನೇ ಒಂದು ನಾಟಕ ಬರೆದೆ. ಅತ್ತೆಯ ಪಾತ್ರ ಮಾಡುವವಳು ಸಾಲಿಗ್ರಾಮದ ಕಡೆಯ ನನ್ನ ವಿದ್ಯಾರ್ಥಿನಿ, ಅವಳಿಗೂ ಕಣ್ಣಿಲ್ಲ. ತಾಲೀಮಿನ ಮೊದಲ ದಿನವೇ ಕೇಳಿದಳು: "ಸ್ವಂತ ಮನೇಲಿ ಯಾರು ಸಾರ್ ಇಷ್ಟ್ ತಡಕಾಡ್ತಾರೆ? ಬೇರೆಯವ್ರು ಬರೆದಿದ್ರೆ ನೀವೇ ಬಯ್ತಿದ್ರಿ."

ನಿಜ. ಆದರೂ ಅತ್ತೆ ಮಣೆಗಾಗಿ ತಡಕಾಡುವ ಆ ಸಾಲನ್ನು ತೆಗೆಯಲಿಲ್ಲ. ಜನ ಕಣ್ಣೀರು ಹಾಕುವ ಜಾಗ ಅದು.

ಅಷ್ಟರಲ್ಲಿ ಅತ್ತೆ ತೀರಿಕೊಂಡಳು. "ಅನ್ನೊಂದು ದಿನ ಏನೂ ಕದಲಿಸ್‌ಬ್ಯಾಡ," ಎಂದಳು ಅವ್ವ. "ಅವಳು ಬತ್ತಾಳೆ. ಎಡವ್‌ಬಾರ್ದು."

ಐದನೆಯ ದಿನ, ಅವ್ವ ಹಿತ್ತಲಲ್ಲಿದ್ದಾಗ, ಮಣೆಯನ್ನು ಚೀಲಕ್ಕೆ ಹಾಕಿಕೊಂಡು ತಾಲೀಮಿಗೆ ಹೋದೆ. ನಿಜವಾದ ಮಣೆ ಇದ್ದರೆ ನಾಟಕವೂ ನಿಜವಾದೀತು ಎಂಬ ಓದಿದವನ ಬುದ್ಧಿ.

ಹುಡುಗಿ ಕೂತವಳೇ ಎದ್ದುಬಿಟ್ಟಳು. "ಯಾರು ಸಾರ್ ಈಗ ಎದ್ದೋಗಿದ್ದು? ಬೆಚ್ಚಗದೆ."

"ಮಾರಾಣಿಗೆ ಎಸಿ ಮಣೆ ತರಿಸಿ ಸಾರ್," ಎಂದು ಅವಳ ಗೆಳತಿ ನಕ್ಕಳು. ಅವಳು ನಗಲಿಲ್ಲ. ನಾನು ಮುಟ್ಟಿ ನೋಡಿದೆ. ತಣ್ಣಗಿತ್ತು.

ಅವ್ವನ ಫೋನು ಬಂತು. "ನಡುಮನೇಲಿ ಚೊಂಬು ಉರುಳ್ತು. ನಾನು ವರಗಡೆ ಇದ್ದೆ. ಮಣೆ ಏನ್ ಮಾಡ್ದೆ?"

ಸಿಕ್ಕ ಬಸ್ಸು ಹತ್ತಿ ಊರಿಗೆ ಬಂದೆ. ಇನ್ನೂ ಬಿಸಿಲಿತ್ತು. ಮಣೆ ಗೋಡೆಯಿಂದ ಎಷ್ಟು ಗೇಣು ದೂರವಿತ್ತು? ಸಿಮೆಂಟು ನೆಲದಲ್ಲಿ ಗುರುತಿರಲಿಲ್ಲ. ದಿನವೂ ನೋಡಿದ್ದ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ಅವಳೊಬ್ಬಳೇ.

"ಅಂದಾಜಿಗೆ ಇಡು. ತಪ್ಪಿದ್ರೆ ಅವಳೇ ಯೋಳ್ತಾಳೆ ಬುಡು," ಎಂದು ಅವ್ವ ಚೊಂಬಿಗೆ ನೀರು ತುಂಬಿಟ್ಟು ದನದ ಹಟ್ಟಿ ಕಡೆ ಹೋದಳು.

ಮಣೆಯನ್ನು ಅಂದಾಜಿಗೆ ಇಟ್ಟು ನಾನು ಅದರ ಪಕ್ಕ ಕೂತೆ. ಕ್ಷಮೆ ಕೇಳಲು ಬೇರೆ ದಾರಿ ತಿಳಿಯದೆ, ನಾಟಕವನ್ನು ಗಟ್ಟಿಯಾಗಿ ಓದತೊಡಗಿದೆ. ತಡಕಾಡುವ ಸಾಲು ಬಂದಾಗ ನಾಚಿಕೆಯಾಗಿ ಹಾರಿಸಿ ಮುಂದೆ ಹೋದೆ.

ಚೊಂಬು ಟಣ್ಣೆಂದಿತು. ಒಂದೇ ಸಲ.

ನಾನು ತಲೆಯೆತ್ತಲಿಲ್ಲ. ಹಿಂದಕ್ಕೆ ಹೋಗಿ, ಆ ಸಾಲನ್ನು ಪೂರ್ತಿ ಓದಿ, ಆಮೇಲೆ ಪೆನ್ನಿನಿಂದ ಹೊಡೆದುಹಾಕಿದೆ.