ತಾತನ ಪೆಟ್ಟಿಗೆಯ ಆರ್ನಿಕಾ

ಮೊನ್ನೆ ವಿಜಯನಗರದ ಔಷಧಿ ಅಂಗಡಿಯಲ್ಲಿ ಯಾರೋ ಹೋಮಿಯೋಪಥಿ ಸೀಸೆಯ ಮುಚ್ಚಳ ತೆಗೆದರು. ಸಕ್ಕರೆಯೂ ಸ್ಪಿರಿಟ್ಟೂ ಬೆರೆತ ಆ ತಣ್ಣನೆ ವಾಸನೆಗೆ ನಾನು ಬಂದ ಕೆಲಸ ಮರೆತು ರಾಜಾಜಿನಗರದ ಹಳೇ ಮನೆಯ ನಡುಮನೆಯಲ್ಲಿ ನಿಂತುಬಿಟ್ಟೆ. ಆ ಮನೆ ಈಗಿಲ್ಲ. ಅಲ್ಲಿ ನಾಲ್ಕಂತಸ್ತಿನ ಪಿ.ಜಿ. ಎದ್ದಿದೆ. ತಾತನ ಹೋಮಿಯೋಪಥಿ ಔಷಧಿಯ ಮರದ ಪೆಟ್ಟಿಗೆ ಮಾತ್ರ ನನ್ನ ಬಳಿ ಉಳಿದಿದೆ. ಮುಚ್ಚಳದ ಒಳಮೈಗೆ ಯಾವುದೋ ಕ್ಯಾಲೆಂಡರಿನಿಂದ ಕತ್ತರಿಸಿ ಅಂಟಿಸಿದ ಹಳದಿ ಹೂವಿನ ಚಿತ್ರ. ಸೂರ್ಯಕಾಂತಿಯ ಬಡ ತಂಗಿ, ತಲೆ ಬಾಚದೆ ಎದ್ದು ಬಂದಂತೆ. ಅದೇ ಆರ್ನಿಕಾ, ಪೆಟ್ಟಿಗೂ ಬಾವಿಗೂ ಕೊಡುವ ಔಷಧಿಯ ಗಿಡ. ಯೂರೋಪಿನ ಬೆಟ್ಟಗಳ ಮೇಲೆ ಬೆಳೆಯುತ್ತದೆ ಎಂದು ತಾತ ತಾವೇ ಕಿತ್ತು ತಂದವರ ಹಾಗೆ ಹೇಳುತ್ತಿದ್ದರು. ಅವರು ಹತ್ತಿದ ದೊಡ್ಡ ಬೆಟ್ಟವೆಂದರೆ ನಂದಿ, ಅದೂ ಬಸ್ಸಿನಲ್ಲಿ.

ತಾತ ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಪುಸ್ತಕ ಓದಿ ವೈದ್ಯರಾದವರು. ಬೀದಿಯಲ್ಲಿ ಯಾವ ಮಗು ಬಿದ್ದರೂ ಆರ್ನಿಕಾ. ನಾಲ್ಕು ಗುಳಿಗೆ, ಕೈ ಮುಟ್ಟಿಸದೆ ಸೀಸೆಯ ಮುಚ್ಚಳದಿಂದಲೇ ನಾಲಿಗೆಗೆ. ಆಮೇಲೆ ಅರ್ಧ ಗಂಟೆ ಕಾಫಿ ಇಲ್ಲ. ಆ ಸಿಹಿಗಾಗಿ ನಾನು ವಾರಕ್ಕೆರಡು ಸಲ ಕುಂಟುತ್ತಿದ್ದೆ, ಒಮ್ಮೊಮ್ಮೆ ಯಾವ ಕಾಲೆಂಬುದನ್ನೇ ಮರೆಯುತ್ತಿದ್ದೆ. ಕುಂಟಾಟ ಬಿಟ್ಟರೆ ನನಗೆ ಬರುತ್ತಿದ್ದದ್ದು ಮಿಮಿಕ್ರಿ. ತಾತ ಗಂಟಲು ಸರಿಮಾಡಿಕೊಳ್ಳುವುದು, ಅಡುಗೆಮನೆಯಿಂದ ಅಜ್ಜಿ ಎಳೆಯುವ "ರೀ...", ಉಬ್ಬುಹಲ್ಲಿನ ಸಂದಿಯಲ್ಲಿ ಸಿಳ್ಳೆ ಹೊಡೆಯುವ ನನ್ನದೇ ಮಾತು, ಯಾವುದನ್ನೂ ಬಿಡುತ್ತಿರಲಿಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಜ್ಜಿ ಬಚ್ಚಲಲ್ಲಿ ಜಾರಿದಳು. ತಲೆಯ ಮೇಲೆ ನಿಂಬೆಹಣ್ಣಿನಷ್ಟು ಬಾವು. ಡಾಕ್ಟರಿಗೆ ತೋರಿಸೋಣವೆಂದು ಅಮ್ಮ ಅಂದಾಗ ತಾತನ ಮುಖ ಚಿಕ್ಕದಾಯಿತು. ಅದನ್ನು ಕಂಡು ಅಜ್ಜಿಯೇ, "ಊರಿಗೆಲ್ಲ ಕೊಡ್ತಾರೆ, ನಂಗೆ ಸಾಲಲ್ವೇನೇ?" ಎಂದು ಬಾಯಿ ತೆರೆದಳು. ಮೂರನೇ ದಿನ ಬಾವು ಇಳಿಯಿತು. ತಾತ ಬಂದವರಿಗೆಲ್ಲ ಅಜ್ಜಿಯ ತಲೆ ಮುಟ್ಟಿಸಿ ತೋರಿಸಿದರು.

ಅವತ್ತು ಸಂಜೆ ಕಾಫಿ ಹೊತ್ತಿಗೆ ಅಜ್ಜಿಯ ಮಾತು ಒಂಚೂರು ಬೇರೆಯಾಗಿತ್ತು. ಪದಗಳ ಕೊನೆ ಒದ್ದೆ ಸೀರೆಯ ಹಾಗೆ ಎಳೆದುಕೊಂಡು ಬರುತ್ತಿತ್ತು. ಮನೆಯಲ್ಲಿ ಅದು ಬಿದ್ದದ್ದು ನನ್ನೊಬ್ಬನ ಕಿವಿಗೆ ಮಾತ್ರ. ತಕ್ಷಣ ಲೋಟ ಹಿಡಿದು, ಅದೇ ಎಳೆತದಲ್ಲಿ ಇನ್ನೊಂದು ಗುಟುಕು ಕಾಫಿ ಕೇಳಿದೆ. ಎಲ್ಲರೂ ನಕ್ಕರು. ಅಜ್ಜಿಯೂ ನಕ್ಕಳು, ತುಟಿಯ ಒಂದು ಬದಿ ಮಾತ್ರ ಮೇಲೆದ್ದಿತು. ನಾನು ಅದನ್ನೂ ಮಾಡಿ ತೋರಿಸಿದೆ. "ಥೇಟ್ ನೀನೇ ಕಣೇ," ಎಂದು ತಾತ ಅಜ್ಜಿಯತ್ತ ತಿರುಗಿ ಕಣ್ಣೊರೆಸಿಕೊಂಡರು.

ಬೆಳಿಗ್ಗೆ ಅಜ್ಜಿ ಕಣ್ಣು ಬಿಟ್ಟಿದ್ದಳು, ಮಾತಿರಲಿಲ್ಲ. ತಲೆಯೊಳಗೆ ರಕ್ತ ಕಟ್ಟಿದೆ, ಹಿಂದಿನ ದಿನವೇ ತಂದಿದ್ದರೆ ನೋಡಬಹುದಿತ್ತು ಎಂದರು ಆಸ್ಪತ್ರೆಯಲ್ಲಿ. ಒಂದು ತಿಂಗಳು ಹಾಗೇ ಮಲಗಿದ್ದು ಹೋದಳು. ಪೆಟ್ಟಿಗೆಯನ್ನು ತಾತ ಮತ್ತೆ ತೆರೆಯಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಒಂದು ಮಧ್ಯಾಹ್ನ ಪೇಪರ್ ಮಡಿಸುತ್ತಾ ಕೇಳಿದರು: "ನಿಂಗೆ ಗೊತ್ತಾಗಿತ್ತಲ್ವೇನೋ?"

ಎಲ್ಲರ ಬಾಯಲ್ಲೂ ಮಾತಾಡಬಲ್ಲ ನಾನು ಪೇಪರಿನ ಇನ್ನೊಂದು ತುದಿ ಹಿಡಿದು ಮಡಿಸತೊಡಗಿದೆ.

ಈಗಲೂ ಮದುವೆ ಮನೆಗಳಲ್ಲಿ ಅಣ್ಣತಮ್ಮಂದಿರು ಸುತ್ತ ಕೂತು, "ಅಜ್ಜಿ ಥರ ಮಾಡೋ ಮಗಾ" ಅನ್ನುತ್ತಾರೆ. ಆ ಹಳೇ "ರೀ..."ಗಾಗಿ ಗಂಟಲಲ್ಲಿ ಹುಡುಕುತ್ತೇನೆ. ಎಷ್ಟು ತಡಕಿದರೂ ಸಿಗುವುದು ಆ ಸಂಜೆಯ ದನಿ ಒಂದೇ. ಅದನ್ನು ನುಂಗಿಕೊಂಡು, ತಾತನ ಹಾಗೆ ಗಂಟಲು ಸರಿಮಾಡಿಕೊಳ್ಳುತ್ತೇನೆ. ಎಲ್ಲರೂ ನಗುತ್ತಾರೆ.