ಮೊದಲು ಗೆಳತಿ ಓದಲಿ

ತುಮಕೂರಿನ ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್ ಆಗಿದ್ದವಳು ಕುಣಿಗಲ್ ಕಡೆಯವಳು, ಮಾರ್ಕೋನಹಳ್ಳಿ ಪಕ್ಕದ ಊರು. ನಾನು ಗುಬ್ಬಿ ಹತ್ತಿರದ ಕಡಬದವಳು. ಇಬ್ಬರೂ ಬಿಸಿಎ ಎರಡನೇ ವರ್ಷ. ಅವಳು ತಮಟೆ ಬಡಿಯುತ್ತಿದ್ದಳು, ಅಪ್ಪನಿಂದ ಕಲಿತದ್ದು. ಸೊಂಟಕ್ಕೆ ವೇಲ್ ಬಿಗಿದು ಶುರು ಮಾಡಿದಳೆಂದರೆ, ಟೆರೇಸಿಗೆ ಒಣಗಿದ ಬಟ್ಟೆ ತೆಗೆಯಲು ಬಂದವರೂ ಬಟ್ಟೆ ಮರೆತು ಕುಣಿಯುತ್ತಿದ್ದರು.

ಒಂದು ಭಾನುವಾರ ನಾನೇ ವಿಡಿಯೋ ಮಾಡಿದೆ, ಅವಳು ಆನ್‌ಲೈನಿನಲ್ಲಿ ಹಾಕಿದಳು. ಮಧ್ಯಾಹ್ನದವರೆಗೆ ಬರೀ ಹೊಗಳಿಕೆ. ಸಂಜೆ ಹೊತ್ತಿಗೆ ಗುರುತಿಲ್ಲದವರು ಬಂದರು. ತಮಟೆ ನೋಡಿದರೇ ಜಾತಿ ಗೊತ್ತಾಗುತ್ತದೆ ಎಂದು ಒಬ್ಬ ಬರೆದ. ಅದರ ಕೆಳಗೆ ನಗುವ ಮುಖಗಳ ಸಾಲು. ಅವಳು ಒಂದೊಂದನ್ನೂ ಓದಿದಳು. ಅಳಲಿಲ್ಲ. ತಮಟೆಯನ್ನು ಮಂಚದ ಕೆಳಗೆ ತಳ್ಳಿ, ಫೋನನ್ನು ನನ್ನ ಕೈಗೆ ಕೊಟ್ಟಳು.

"ಇನ್ಮೇಲೆ ನೀನೇ ಮೊದ್ಲು ನೋಡು ಕಣೇ. ಕೆಟ್ಟದ್ದಿದ್ರೆ ತೆಗ್ದಾಕು. ನಂಗೆ ಹೇಳ್ಬೇಡ."

ಎರಡು ವಾರ ಹಾಗೇ ಮಾಡಿದೆ. ಆಮೇಲೆ ಅವಳು ವಿಡಿಯೋವನ್ನೇ ಅಳಿಸಿಬಿಟ್ಟಳು.

ಅದೇ ಸೆಮಿಸ್ಟರಿನಲ್ಲಿ ಬೆಂಗಳೂರಿಂದ ಒಂದು ಸಣ್ಣ ತಂಡ ನಮ್ಮ ಕಾಲೇಜಿಗೆ ಬಂತು. ನಮ್ಮಂಥ ಹುಡುಗ ಹುಡುಗಿಯರಿಗಾಗಿ ವಿಡಿಯೋ ಹಾಕುವ ಒಂದು ಹೊಸ ಆ್ಯಪ್ ಮಾಡುತ್ತಿದ್ದರು. ತಂಡದ ಮೇಡಂ ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು ಹಂಚಿ ಹೇಳಿದರು: "ನಾವು ಮಾಡಿರೋದನ್ನ ನೋಡಿ ಚೆನ್ನಾಗಿದೆ ಅನ್ನೋಕೆ ನಿಮ್ಮನ್ನ ಕರೆದಿಲ್ಲ. ಫೋನಲ್ಲಿ ಏನಿರಬೇಕು ಅಂತ ನೀವೇ ಬರೀರಿ."

ನಾನು ಬ್ಲಾಕ್ ಬಟನ್ನನ್ನು ದೊಡ್ಡದಾಗಿ, ಕೆಂಪಗೆ ಬರೆದೆ. ರೂಮ್‌ಮೇಟ್ ಅದನ್ನು ನೋಡಿ ತಲೆ ಅಲ್ಲಾಡಿಸಿದಳು. "ಬ್ಲಾಕ್ ಮಾಡ್ಬೇಕು ಅಂದ್ರೆ ಮೊದ್ಲು ಓದ್ಬೇಕಲ್ಲ. ಓದಿದ್ ಮೇಲೆ ಇನ್ನೇನು ಉಳೀತು?"

ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ಎರಡು ಫೋನು ಬರೆದಳು. ಒಂದು ಅವಳದು, ಒಂದು ನನ್ನದು. ಗುರುತಿಲ್ಲದವರ ಮಾತು ಮೊದಲು ನನ್ನ ಫೋನಿಗೆ ಬರುತ್ತದೆ, ನಾನು ಓದಿ ಬಿಟ್ಟದ್ದು ಮಾತ್ರ ಅವಳಿಗೆ ಹೋಗುತ್ತದೆ. ಎರಡು ವಾರ ಮಂಚದ ಮೇಲೆ ಕೂತು ನಾವು ಮಾಡಿದ್ದೇ ಅದು! ಮೇಡಂ ಕುರ್ಚಿ ಎಳೆದುಕೊಂಡು ನಮ್ಮ ಪಕ್ಕದಲ್ಲೇ ಕೂತುಬಿಟ್ಟರು.

ಗುಬ್ಬಿಯಿಂದ ದಿನಾ ಬಸ್ಸಲ್ಲಿ ಬರುವ ಒಬ್ಬ ಹುಡುಗಿ ಹಿಂದಿನಿಂದ ಕೇಳಿದಳು, "ಗೆಳತಿ ಜೊತೆ ಜಗಳ ಆದ್ರೆ? ಹೊಟ್ಟೆಕಿಚ್ಚಿಗೆ ಒಳ್ಳೇದನ್ನೂ ತೆಗ್ದಾಕಿದ್ರೆ?"

ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ, ಬರೆದುಕೊಂಡರು. ಆ ಪ್ರಶ್ನೆಯ ಮೇಲೆ ಊಟದ ಹೊತ್ತು ದಾಟಿತು. ಕೊನೆಗೆ, ತೆಗೆದದ್ದು ಪೂರ್ತಿ ಅಳಿಸಿಹೋಗಬಾರದು, ವಿಡಿಯೋ ಹಾಕಿದವಳು ಕೇಳಿದಾಗ ಸಿಗಬೇಕು ಎಂದಾಯಿತು. ಗೆಳತಿಯನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು ಎಂದೂ ಸೇರಿಸಿದೆವು. ಆಗ ರೂಮ್‌ಮೇಟ್ ನನ್ನನ್ನು ಓರೆಗಣ್ಣಲ್ಲಿ ನೋಡಿ, "ಹುಷಾರಾಗಿರು ಕಣೇ" ಅಂದಳು.

ಎರಡು ತಿಂಗಳ ಮೇಲೆ ಅವರು ಮತ್ತೆ ಬಂದರು. ಲ್ಯಾಬಿನಲ್ಲಿ ನಮ್ಮ ಕೈಗೆ ಫೋನು ಕೊಟ್ಟರು. ನಾವು ಬರೆದದ್ದು ಅಲ್ಲಿತ್ತು, ಕನ್ನಡದಲ್ಲಿ, ನಮ್ಮದೇ ಮಾತಲ್ಲಿ: "ಮೊದಲು ಗೆಳತಿ ಓದಲಿ." ನಾನು ಕಿರುಚಿಬಿಟ್ಟೆ. ಲ್ಯಾಬ್ ಸರ್ ಬಾಗಿಲಿಂದ ಇಣುಕಿದರು. ಆ್ಯಪ್ ಪರೀಕ್ಷಿಸಲು ಸೇರಿದ್ದ ಬೇರೆ ಕಾಲೇಜಿನವರೂ ಅದೇ ಹೊತ್ತಿಗೆ ನೋಡುತ್ತಾರೆ, ಏನಾದರೂ ಹಾಕಿ ಎಂದರು ಮೇಡಂ. ರೂಮ್‌ಮೇಟ್ ಹಾಸ್ಟೆಲಿಗೆ ಓಡಿ, ತಮಟೆ ತಂದು ಕಾಲೇಜಿನ ಅಂಗಳದಲ್ಲಿ ನಿಂತಳು. ಐದು ನಿಮಿಷಕ್ಕೆ ಸುತ್ತ ಜನ ಸೇರಿದರು. ಗುಬ್ಬಿಯ ಹುಡುಗಿ ವಿಡಿಯೋ ಹಿಡಿದಳು. ನನಗೆ ಬೇರೆ ಕೆಲಸವಿತ್ತಲ್ಲ.

ಮೊದಲ ಮಾತು ನನ್ನ ಫೋನಿಗೆ ಬಂತು. ಊರ್ಡಿಗೆರೆಯ ಒಬ್ಬ ಹುಡುಗಿ ಬರೆದಿದ್ದಳು: "ಅಕ್ಕ, ಎಡಗೈ ಕಡ್ಡಿ ಅಷ್ಟು ಫಾಸ್ಟಾಗಿ ಹೆಂಗ್ ಹೊಡೀತೀರಾ? ನಮ್ಮನೇಲೂ ತಮಟೆ ಇದೆ, ಅಣ್ಣ ನಂಗೆ ಮುಟ್ಟಕ್ಕೆ ಬಿಡಲ್ಲ. ನಂಗೂ ಹೇಳ್ಕೊಡ್ತೀರಾ?"

ಬಿಟ್ಟೆ, ರೂಮ್‌ಮೇಟ್‌ಗೆ ಹೋಯಿತು. ಅವಳು ಬೆವರು ಒರೆಸಿಕೊಂಡು ಓದಿದಳು, ಇನ್ನೊಂದು ಸಲ ಓದಿದಳು. ಆಮೇಲೆ ಗುಬ್ಬಿಯ ಹುಡುಗಿಗೆ, "ಇನ್ನೊಂದು ತೆಗಿ, ಈ ಸಲ ನಿಧಾನಕ್ಕೆ ಹೊಡೀತೀನಿ. ಎಡಗೈ ಕಾಣಂಗೆ ಹಿಡಿ" ಅಂದಳು.