ಏಳನೇ ಪೆಟ್ಟಿಗೆಯ ಸದ್ದು

ಬೆಳಗಿನ ಜಾವ ನಾಲ್ಕೂವರೆ. ಬೀದಿಯ ಅಂಗಡಿಗಳೆಲ್ಲ ಬಾಗಿಲು ಎಳೆದುಕೊಂಡು ಮಲಗಿವೆ. ನೀರು ಸರಬರಾಜು ಕಚೇರಿಯ ಇಬ್ಬರು ಮಾತ್ರ ರಸ್ತೆಯ ನಟ್ಟನಡುವೆ ನಿಂತಿದ್ದಾರೆ. ಹೆಂಗಸು ವಾಲ್ವ್ ಪೆಟ್ಟಿಗೆಯ ಕಬ್ಬಿಣದ ಮುಚ್ಚಳ ಸರಿಸಿ, ಎದೆಯೆತ್ತರದ ಸಲಾಕೆಯೊಂದನ್ನು ಒಳಗಿಳಿಸಿ, ಅದರ ಮೇಲ್ತುದಿಯ ಮರದ ಬಟ್ಟಲಿಗೆ ಕಿವಿ ಹಚ್ಚುತ್ತಾರೆ. ಗಂಡಸು ಟಾರ್ಚು ಹಿಡಿದು ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಹೋದ ತಿಂಗಳ ತನಕ ಟಾರ್ಚು ಆಕೆಯ ಕೈಯಲ್ಲಿತ್ತು, ಸಲಾಕೆ ಇವರ ಕೈಯಲ್ಲಿತ್ತು.

ಇವರಿಗೆ ಐವತ್ತೇಳು ವರ್ಷ. ಕಚೇರಿಯ ಜವಾನನಿಂದ ಹಿಡಿದು ಇಂಜಿನಿಯರ್ ತನಕ ಎಲ್ಲರ ಬಾಯಲ್ಲೂ ಇವರು ಕಿವಿಯಣ್ಣ. ನೆಲದಡಿಯ ಪೈಪಿನಲ್ಲಿ ನೀರು ಸೋರುತ್ತಿದ್ದರೆ ಅದರ ಸದ್ದು ಕೇಳಿ, ಸೋರುವ ಜಾಗದ ಮೇಲೆ ಹಳದಿ ಬಣ್ಣದ ಗುರುತು ಹಾಕುವುದು ಇವರ ಕೆಲಸ. ಗುರುತು ಬಿದ್ದ ಕಡೆ ಅಗೆಯುವವರು ಬಂದು ಅಗೆಯುತ್ತಾರೆ. ಗಾಡಿಗಳ ಗದ್ದಲ ಶುರುವಾಗುವ ಮೊದಲೇ ಕೆಲಸ ಮುಗಿಯಬೇಕು. ದಿನಕ್ಕೆ ಆರು ಕಿಲೋಮೀಟರ್ ನಡಿಗೆ, ನಲವತ್ತು ಪೆಟ್ಟಿಗೆ, ನಲವತ್ತು ಸಲ ಮಂಡಿಯೂರುವುದು. ಹೀಗೇ ಮೂವತ್ತೊಂದು ವರ್ಷ. ಮಂಡಿ ಸವೆದಿದೆ ಎಂದು ಡಾಕ್ಟರು ಹೇಳಿದಾಗ, ಸವೆಯದೆ ಇನ್ನೇನಾಗುತ್ತದೆ ಎಂದು ಇವರೇ ಡಾಕ್ಟರಿಗೆ ಸಮಾಧಾನ ಹೇಳಿ ಬಂದರಂತೆ.

ಊರು ಏಳುವ ಮೊದಲೇ ಮುಗಿದುಹೋಗುವ ಕೆಲಸವಾದ್ದರಿಂದ ಊರಿಗೆ ಇವರ ಗುರುತಿಲ್ಲ. ಗುರುತು ಸಿಕ್ಕಿದರೂ ಒಳ್ಳೆಯ ರೀತಿಯಲ್ಲಿ ಸಿಕ್ಕುವುದಿಲ್ಲ. ಮನೆ ಮುಂದೆ ಬಗ್ಗಿ ಕೂತವನು ಕಳ್ಳನೇ ಇರಬೇಕೆಂದು ಒಬ್ಬ ಯಜಮಾನರು ಮಹಡಿಯಿಂದ ಬಕೆಟ್ ನೀರು ಸುರಿದಿದ್ದಾರೆ. ಕಿವಿಯಣ್ಣ ತಲೆ ಒರೆಸಿಕೊಂಡು, ನಿಮ್ಮ ಮನೆಗೆ ನೀರು ಚೆನ್ನಾಗೇ ಬರ್ತಿದೆ ಬಿಡಿ ಎಂದು ಹೇಳಿ ಮುಂದಿನ ಪೆಟ್ಟಿಗೆಗೆ ಹೋಗಿದ್ದಾರೆ.

ಈ ವಿದ್ಯೆ ಪುಸ್ತಕದಿಂದ ಬರುವಂಥದ್ದಲ್ಲ. ಅದಕ್ಕೇ ಕಚೇರಿಯಲ್ಲಿ ಜೋಡಿಯ ಪದ್ಧತಿ ಇದೆ: ಕಲಿಸುವವರೊಬ್ಬರು, ಕಲಿಯುವವರೊಬ್ಬರು. ಸದ್ಯ ಆರು ಜೋಡಿಗಳಿವೆ. ಯಾವ ಜೋಡಿಯೂ ತಂತಾನೇ ಮುಂದುವರಿಯುವುದಿಲ್ಲ. ಡಿಸೆಂಬರ್ ಕೊನೆಯ ವಾರ ಇಬ್ಬರೂ ಬೇರೆಬೇರೆಯಾಗಿ ಹತ್ತು ಪೆಟ್ಟಿಗೆಗಳಿಗೆ ಕಿವಿಗೊಟ್ಟು, ಕೇಳಿಸಿದ್ದನ್ನು ಬೇರೆಬೇರೆ ಹಾಳೆಯಲ್ಲಿ ಬರೆಯಬೇಕು. ಎರಡು ಹಾಳೆ ಹೊಂದದ ಕಡೆ ದೊಡ್ಡವರು ಚಿಕ್ಕವರು ಎನ್ನದೆ ಅಗೆದು ನೋಡುತ್ತಾರೆ. ಆಮೇಲೆ ಚೀಟಿ. ಅದರಲ್ಲಿರುವುದು ಒಂದೇ ಪ್ರಶ್ನೆ: ಮುಂದಿನ ವರ್ಷವೂ ಇದೇ ಜೋಡಿ ಬೇಕೆ? ಹೌದು ಅಥವಾ ಬೇಡ, ಜೊತೆಗೆ ಕಾರಣ. ಇಂಜಿನಿಯರ್ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಎರಡನ್ನೂ ಗಟ್ಟಿಯಾಗಿ ಓದುತ್ತಾರೆ. ಕಿವಿಯಣ್ಣ ಈವರೆಗೆ ಹನ್ನೊಂದು ಮಂದಿಯನ್ನು ತಯಾರು ಮಾಡಿ ಕಳಿಸಿದ್ದಾರೆ. ಒಬ್ಬರೂ ಬೇಡ ಎಂದು ಬರೆದವರಲ್ಲ, ಒಮ್ಮೆಯೂ ಇವರ ಹಾಳೆ ಸುಳ್ಳಾಗಿರಲಿಲ್ಲ.

ಹನ್ನೆರಡನೆಯವರೇ ಈಗ ಸಲಾಕೆ ಹಿಡಿದಿರುವ ಮೀಟರಕ್ಕ. ಮನೆಮನೆಯ ನೀರಿನ ಮೀಟರ್ ಓದುತ್ತಿದ್ದವರು. ಮೂವತ್ತೆಂಟನೇ ವಯಸ್ಸಿನಲ್ಲಿ, ನನಗೂ ಇದನ್ನು ಕಲಿಸಿ ಎಂದು ಕೇಳಿಕೊಂಡು ಬಂದರು. ಈ ವಯಸ್ಸಿಗೆ ಕಿವಿ ಹದವಾಗುತ್ತದೆಯೇ ಎಂದು ಉಳಿದವರು ಮೂಗು ಮುರಿದರೆ, ಕಿವಿಯಣ್ಣ ಆಕೆಯನ್ನು ಬೀದಿಗೆ ಕರೆದೊಯ್ದು ಒಂದು ತಿಂಗಳು ಬರೀ ಸುಮ್ಮನಿರುವುದನ್ನು ಕಲಿಸಿದರು. ಸೋರಿಕೆಯ ಸದ್ದು ಯಾವುದು, ಯಾರದೋ ಮನೆಯ ಫ್ರಿಜ್ಜಿನ ಗುಂಯ್ ಯಾವುದು, ಅರ್ಧ ಮುಚ್ಚಿದ ವಾಲ್ವಿನ ನರಳಾಟ ಯಾವುದು ಎಂದು ಹೇಳಿಕೊಟ್ಟರು. ಕೆಲಸದ ರಿಜಿಸ್ಟರ್ ಮಾತ್ರ ತೋರಿಸಲಿಲ್ಲ. ಅದನ್ನು ಓದುವುದು ಕಿವಿ ಇಲ್ಲದವರ ಕೆಲಸ ಎಂದು ಅವರು ತಮಾಷೆ ಮಾಡುತ್ತಿದ್ದರು.

ಹೋದ ವರ್ಷದ ನಡುವಿನಿಂದ ಲೆಕ್ಕ ತಪ್ಪತೊಡಗಿತು. ಅದಕ್ಕೂ ಹಿಂದಿನ ವರ್ಷ ಹಾಕಿದ ಗುರುತುಗಳಲ್ಲಿ ಒಂಬತ್ತು ಸುಳ್ಳಾಗಿದ್ದರೆ, ಹೋದ ವರ್ಷ ಇಪ್ಪತ್ತಾರು. ಕಿವಿಯಣ್ಣ ಗಾಡಿಗಳನ್ನು ಬೈದರು, ಬೀದಿಗೊಂದು ಜನರೇಟರ್ ಇಟ್ಟವರನ್ನು ಬೈದರು. ಮನೆಯಲ್ಲಿ, ಟಿವಿ ಸೌಂಡು ಪಕ್ಕದ ಮನೆಯವರಿಗೂ ಕೇಳಬೇಕಾ ಎಂದು ಹೆಂಡತಿ ರೇಗಿಸಿದರೆ ಟಿವಿಯೇ ಸರಿಯಿಲ್ಲ ಎಂದರು. ಸಣ್ಣ ಸದ್ದುಗಳು ತಮ್ಮಿಂದ ದೂರವಾಗುತ್ತಿವೆ ಎಂಬುದು ಅವರಿಗೆ ಗೊತ್ತಿತ್ತು. ಜೋಡಿ ಮುರಿದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ನಿವೃತ್ತಿಗೆ ಮೂರು ವರ್ಷ ಇರುವವರಿಗೆ ಹೊಸ ಜೋಡಿ ಕೊಡುವುದಿಲ್ಲ, ಗೋದಾಮಿಗೆ ಹಾಕುತ್ತಾರೆ. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ನಟ್ಟು ಬೋಲ್ಟು ಎಣಿಸಬೇಕು. ಅದಕ್ಕೇ ಯಾರಿಗೂ ಹೇಳಲಿಲ್ಲ.

ಮೀಟರಕ್ಕನಿಗೂ ಗೊತ್ತಿತ್ತು. ಶಾಲೆ ಹಿಂದಿನ ಗಲ್ಲಿಯಲ್ಲಿ ಒಮ್ಮೆ ಆಕೆಗೆ ಸಣ್ಣ ಸೀಟಿಯಂಥ ಸದ್ದು ಕೇಳಿಸಿದೆ. ಕಿವಿಯಣ್ಣ, ಏನೂ ಇಲ್ಲ ನಡಿ ಎಂದಿದ್ದಾರೆ. ಆಕೆ ನಡೆದಿದ್ದಾರೆ. ನಾಲ್ಕು ದಿನಕ್ಕೆ ಅಲ್ಲಿಯ ಪೈಪು ಒಡೆದು ಮೂರು ಬೀದಿಗೆ ಎರಡು ದಿನ ನೀರಿಲ್ಲ. "ಅವತ್ತಿಂದ ನನಗೆ ಅನ್ನ ಸೇರ್ತಿರಲಿಲ್ಲ," ಎನ್ನುತ್ತಾರೆ ಆಕೆ. "ಅಣ್ಣನ ಮುಂದೆ ಬಾಯಿಬಿಡೋಕೂ ಆಗ್ತಿರಲಿಲ್ಲ. ಗೊತ್ತಿದ್ದೂ ಹೂಂಗುಟ್ಕೊಂಡು ಹೋದ್ರೆ ನಾನು ಕಲಿತು ಏನು ಬಂತು?"

ಡಿಸೆಂಬರ್‌ನ ಹತ್ತು ಪೆಟ್ಟಿಗೆಗಳಲ್ಲಿ ಒಂಬತ್ತರ ಉತ್ತರ ಎರಡು ಹಾಳೆಯಲ್ಲೂ ಒಂದೇ ಇತ್ತು. ಏಳನೆಯದು, ಅಚ್ಚುಕೂಟದ ಮುಂದಿನದು, ಹೊಂದಲಿಲ್ಲ. ಕಿವಿಯಣ್ಣ ಸೋರಿಕೆ ಎಂದು ಬರೆದಿದ್ದರು, ಮೀಟರಕ್ಕ ಸದ್ದಿಲ್ಲ ಎಂದು ಬರೆದಿದ್ದರು. ಪದ್ಧತಿಯಂತೆ ಅಗೆಯುವವರು ಬಂದರು. ಕಿವಿಯಣ್ಣ ಗುಂಡಿಯ ಅಂಚಿನಲ್ಲೇ ನಿಂತು, ಮಣ್ಣು ಒಂದಿಷ್ಟಾದರೂ ಒದ್ದೆಯಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡರು. ಒಂದು ಗಂಟೆ ಅಗೆದ ಮೇಲೆ ಕಂಡದ್ದು ಹೊಚ್ಚ ಹೊಸ ಪೈಪು. ಸುತ್ತ ಒಣ ಮಣ್ಣು. ಇವರು ಮಂಡಿನೋವಿಗೆ ರಜೆ ಹಾಕಿದ್ದ ವಾರ ಆ ಪೈಪನ್ನೇ ಬದಲಾಯಿಸಿದ್ದರು. ರಿಜಿಸ್ಟರಿನಲ್ಲಿ ಬರೆದಿತ್ತು, ಇವರು ಓದಿರಲಿಲ್ಲ.

ಚೀಟಿ ಓದಿದ್ದು ಅದೇ ಮಧ್ಯಾಹ್ನ, ಪಂಪ್‌ಹೌಸಿನ ಪಕ್ಕದ ಕೋಣೆಯಲ್ಲಿ. ಒಂದು ಮೇಜು, ಮೂರು ಕುರ್ಚಿ, ಗೋಡೆಯ ಮೇಲೆ ಊರಿನ ಪೈಪುಗಳ ನಕ್ಷೆ. ಕಿವಿಯಣ್ಣನ ಚೀಟಿಯಲ್ಲಿ ಹೌದು ಎಂದಿತ್ತು. ಮೀಟರಕ್ಕನ ಚೀಟಿಯಲ್ಲಿ ಬೇಡ ಎಂದಿತ್ತು. ಇಂಜಿನಿಯರ್ ಕಾರಣವನ್ನೂ ಓದಿದರು: ಅಣ್ಣ ಈಗ ಕೇಳುತ್ತಿಲ್ಲ, ನೆನಪು ಮಾಡಿಕೊಳ್ಳುತ್ತಿದ್ದಾರೆ. ಹೀಗೇ ಆದರೆ ಈ ಜೋಡಿ ಬೇಡ.

ಕಿವಿಯಣ್ಣನ ಮುಖ ಸಪ್ಪಗಾಯಿತು. ಸಿಟ್ಟು ಬಂತು ಎಂದು ಅವರೇ ಒಪ್ಪಿಕೊಳ್ಳುತ್ತಾರೆ. ಕೈಹಿಡಿದು ಕಲಿಸಿದವಳೇ ಹೀಗೆ ಬರೆದಳಲ್ಲ ಎನ್ನಿಸಿತಂತೆ. ಎದ್ದು ಹೋಗಲೆಂದು ಕುರ್ಚಿ ಹಿಂದಕ್ಕೆ ತಳ್ಳಿದರು. ಮೀಟರಕ್ಕ ತಲೆ ತಗ್ಗಿಸಿ ಅಳುತ್ತಿದ್ದರು, ಆದರೆ ಬರೆದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಎನ್ನಲಿಲ್ಲ. ಅದನ್ನು ನೋಡಿ ಕಿವಿಯಣ್ಣ ಮತ್ತೆ ಕೂತರು.

"ಅವಳು ಬರ್ದಿರೋದು ಸರಿ ಸಾರ್," ಎಂದರು. "ಏಳನೇ ಪೆಟ್ಟಿಗೇಲಿ ನನಗೇನೂ ಕೇಳಿಸ್ಲಿಲ್ಲ. ಆ ಜಾಯಿಂಟು ಒಂಬತ್ತು ವರ್ಷದಿಂದ ಎಷ್ಟು ಸಲ ರಿಪೇರಿ ಮಾಡಿದ್ರೂ ಮತ್ತೆ ಸೋರ್ತಾ ಇತ್ತು. ಈ ವರ್ಷವೂ ಸೋರ್ತಿರುತ್ತೆ ಅಂತ ಬರ್ದೆ. ನನ್ನನ್ನ ಗೋದಾಮಿಗೆ ಹಾಕಿ."

ಮೂವತ್ತೊಂದು ವರ್ಷದಲ್ಲಿ ಅಷ್ಟು ಕಷ್ಟದ ಮಾತು ಆಡಿಲ್ಲ ಎನ್ನುತ್ತಾರೆ. ಆದರೆ ಮೀಟರಕ್ಕ ಕಣ್ಣೊರೆಸಿಕೊಂಡು, ಗೋದಾಮು ಯಾಕೆ ಎಂದು ತಿರುಗಿಬಿದ್ದರು. ಅಣ್ಣನ ಕಿವಿ ಹೋಗಿರಬಹುದು, ತಲೆ ಹೋಗಿಲ್ಲವಲ್ಲ. ಗೋಡೆಯ ನಕ್ಷೆಯಲ್ಲಿ ಅರ್ಧ ತಪ್ಪು. ಯಾವ ಪೈಪು ಎಲ್ಲಿ ತಿರುಗುತ್ತದೆ, ಎಷ್ಟು ಆಳದಲ್ಲಿದೆ ಎಂಬುದು ಇವರೊಬ್ಬರಿಗೇ ಗೊತ್ತು. ಕಿವಿ ನನ್ನದಾಗಲಿ, ದಾರಿ ಅಣ್ಣನದಾಗಲಿ, ಆಗ ಹೌದು ಎಂದು ಬರೆಯುತ್ತೇನೆ ಎಂದರು. ಅಂಥ ಜೋಡಿಗೆ ನಿಯಮವಿಲ್ಲ ಎಂದು ಇಂಜಿನಿಯರ್ ತಲೆ ಕೆರೆದುಕೊಂಡರು. ಬೇಡ ಎನ್ನಬೇಕೆಂಬ ನಿಯಮವೂ ಸಿಗದೆ, ಕೊನೆಗೆ ಇಬ್ಬರಿಗೂ ಹೊಸ ಚೀಟಿ ಕೊಟ್ಟರು. ಎರಡರಲ್ಲೂ ಹೌದು ಎಂದು ಬಂತು, ಒಂದೇ ವರ್ಷಕ್ಕೆ. ಮುಂದಿನ ಡಿಸೆಂಬರ್‌ಗೆ ಮತ್ತೆ ಹತ್ತು ಪೆಟ್ಟಿಗೆ.

ಹಾಗಾಗಿ ಈಗ ಸಲಾಕೆ ಆಕೆಯ ಕೈಯಲ್ಲಿದೆ. ಮೀಟರಕ್ಕ ಬಟ್ಟಲಿನಿಂದ ಕಿವಿ ತೆಗೆದು, ಸದ್ದಿದೆ, ಎಡಗಡೆಯಿಂದ ಬರುತ್ತಿದೆ ಎನ್ನುತ್ತಾರೆ. ಕಿವಿಯಣ್ಣ ಕಣ್ಣು ಮುಚ್ಚಿ ಒಂದು ಗಳಿಗೆ ಯೋಚಿಸಿ, ಔಷಧಿ ಅಂಗಡಿಯ ಮೆಟ್ಟಿಲಿಂದ ಐದು ಹೆಜ್ಜೆ ಎನ್ನುತ್ತಾರೆ. ಆಕೆ ಅಲ್ಲಿ ಇನ್ನೊಮ್ಮೆ ಕೇಳಿ, ತಲೆಯಾಡಿಸಿ ಬಣ್ಣ ಹಾಕುತ್ತಾರೆ. ಜನವರಿಯಲ್ಲಿ ಹೀಗೆ ಹದಿನೆಂಟು ಗುರುತು ಬಿದ್ದಿವೆ, ಸುಳ್ಳಾಗಿದ್ದು ಒಂದು. ಆ ಒಂದು, ಏಳು ಹೆಜ್ಜೆ ಎನ್ನಬೇಕಾದ ಕಡೆ ತಾವು ಐದು ಎಂದದ್ದರಿಂದ ಆದದ್ದು ಎಂದು ಕಿವಿಯಣ್ಣ ತಾವಾಗಿಯೇ ಹೇಳುತ್ತಾರೆ. ಹೆಂಡತಿಗೂ ವಿಷಯ ಹೇಳಿ ಆಗಿದೆ. ಮುಂದಿನ ವಾರ ಕಿವಿ ಡಾಕ್ಟರ ಹತ್ತಿರ ಹೋಗಬೇಕಿದೆ.

ಆರೂವರೆಗೆ ಗಾಡಿಗಳ ಸದ್ದು ಶುರುವಾಗುತ್ತದೆ. ಮೀಟರಕ್ಕ ಸಲಾಕೆ ಒರೆಸಿ ಚೀಲಕ್ಕೆ ಹಾಕಿ ಸೈಕಲ್ ತರಲು ಹೋಗುತ್ತಾರೆ. ಆಕೆ ತಿರುವು ದಾಟುವ ತನಕ ನೋಡುತ್ತಿದ್ದು, ಕಿವಿಯಣ್ಣ ಯಾರೂ ಕೇಳದಿದ್ದರೂ ತಾವಾಗಿ ಹೇಳುತ್ತಾರೆ:

"ಹನ್ನೆರಡು ಜನಕ್ಕೆ ಕಲಿಸಿದೀನಿ. ಹನ್ನೊಂದು ಜನ ನಾನು ಹೇಳಿದ್ದನ್ನ ಕೇಳಿಸ್ಕೊಂಡ್ರು. ಇವಳೊಬ್ಬಳು, ಪೈಪು ಹೇಳಿದ್ದನ್ನ ಕೇಳಿಸ್ಕೊಂಡಳು."